ಕೇಳಿದವನ ಋಣ

ಕಿವಿಯುಳ್ಳವರೆಲ್ಲರೂ ಸಂಗೀತವನ್ನು ಕೇಳುತ್ತಾರೆಂದು ಲೋಕದಲ್ಲಿ ಒಂದು ನಂಬಿಕೆಯುಂಟು. ಆದರೆ ನಮ್ಮ ಹಿರಿಯರು ಶ್ರವಣವನ್ನು ಹೇಳಿ ಅಷ್ಟಕ್ಕೇ ನಿಲ್ಲಲಿಲ್ಲ. ಅದರ ಬೆನ್ನಿಗೆ ಮನನವನ್ನೂ ನಿದಿಧ್ಯಾಸನವನ್ನೂ ಇಟ್ಟರು. ಕೇಳಿದ್ದು ಒಳಗಿಳಿದು, ಮತ್ತೊಬ್ಬರಿಗೆ ಕೊಡುವಷ್ಟು ಹಣ್ಣಾದಾಗಲೇ ಕೇಳಿಕೆ ಸಾರ್ಥಕವೆಂಬುದು ಅವರ ಅಭಿಪ್ರಾಯವಾಗಿದ್ದಿರಬೇಕು. ಕೋಲಾರದ ಚಿನ್ನದ ಗಣಿಯ ಊರಿನ ಹುಡುಗನೊಬ್ಬನು ಈ ಪಾಠವನ್ನು ಬಂಗಾರಪೇಟೆಯ ರೈಲುನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಲಿತನು.

1960ನೆಯ ದಶಕದ ನಡುವಣ ಮಾತು. ಗಣಿಯ ಊರು ಆಗ ತುಂಬಿ ಬಾಳುತ್ತಿದ್ದಿತು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿದ್ದಿತು. ಗಣಿಯ ಆಳವು ಮೂರು ಸಾವಿರ ಮೀಟರನ್ನು ಮೀರಿದ್ದಿತು. ಪಾಳಿ ಬದಲಾಗುವಾಗಿನ ಕೂಗೇ ಊರಿನ ಗಡಿಯಾರ. ಹುಡುಗನ ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಸಂತೆಯ ಮಾತು ತೆಲುಗು. ಈ ಮೂರು ನುಡಿಗಳಲ್ಲಿಯೂ ಅವನನ್ನು ಕರೆಯುತ್ತಿದ್ದ ಧ್ವನಿಯೊಂದೇ: ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರದು. ರಾಬರ್ಟ್‌ಸನ್‌ಪೇಟೆಯ ಕಾಫಿಹೋಟಲೊಂದರ ರೇಡಿಯೋದಲ್ಲಿ ಅವರ ಹಾಡು ಬಂದಿತೆಂದರೆ, ಕೈಯಲ್ಲಿದ್ದ ಎಣ್ಣೆಯ ಸೀಸೆಯನ್ನೂ ಮರೆತು ಅವನು ಕಂಬಕ್ಕೆ ಒರಗಿ ನಿಂತುಬಿಡುತ್ತಿದ್ದನು. 1963ರಲ್ಲಿ ವೆಂಕಟೇಶ ಸುಪ್ರಭಾತದ ಧ್ವನಿಮುದ್ರಿಕೆ ಹೊರಬಂದ ಮೇಲೆ ಬೆಳಗಿನ ಹೊತ್ತೂ ಆ ಕಂಬವೇ ಅವನ ಸ್ಥಾನವಾಯಿತು. ವಾರಪತ್ರಿಕೆಗಳಿಂದ ಕತ್ತರಿಸಿದ ಅವರ ಚಿತ್ರಗಳು ಲೆಕ್ಕದ ಪುಸ್ತಕದ ರಟ್ಟಿನೊಳಗೆ ಅಡಗಿದ್ದುವು.

ತಂದೆಯು ನೆಲದೊಳಗೆ ಬಂಡೆ ಕೊರೆಯುವ ಯಂತ್ರವನ್ನು ಹಿಡಿದು ದುಡಿಯುತ್ತಿದ್ದವನು. ಮನೆಯಲ್ಲಿ ಮಾತು ಕಡಿಮೆ. ಒಂದು ಸಲ ಕರೆದರೆ ತಿರುಗುತ್ತಿರಲಿಲ್ಲ. ಮಗನು ಹಾಡಿನ ವಿಷಯವನ್ನು ತಾಯಿಯೊಡನೆ ಎತ್ತಿದರೆ, ಆತನು ಎದ್ದು ಜಗಲಿಗೆ ಹೋಗಿ ಕುಳಿತುಬಿಡುವನು. ಅಪ್ಪನಿಗೆ ಸಂಗೀತವೆಂದರೆ ಆಗದೆಂದು ಹುಡುಗನು ಎಂದೋ ತೀರ್ಮಾನಿಸಿಬಿಟ್ಟಿದ್ದನು.

ಹೀಗಿರುವಲ್ಲಿ, ಬೆಂಗಳೂರಿನ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ಶ್ರೀರಾಮನವಮಿಯ ಸಂಗೀತೋತ್ಸವಕ್ಕೆ ಸುಬ್ಬುಲಕ್ಷ್ಮಿಯವರು ಬರುವರೆಂಬ ಸುದ್ದಿ ಬಂದಿತು. 1939ರಲ್ಲಿ ಚಾಮರಾಜಪೇಟೆಯಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಳಿಯು ನಡೆಯಿಸುವ ಉತ್ಸವವದು. ಹುಡುಗನು ತಾಯಿಯ ಸೆರಗು ಹಿಡಿದನು. ತಾಯಿಯು ಊಟಕ್ಕೆ ಬಡಿಸುತ್ತ ಗಂಡನ ಕಿವಿಯ ಬಳಿ ಬಾಗಿ ವಿಷಯವನ್ನು ತಿಳಿಸಿದಳು. ಆತನು ತುತ್ತನ್ನು ಕೈಯಲ್ಲಿಯೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬನೇ ಏಕೆ? ನಾನೂ ಹೋಗುತ್ತೇನೆ" ಎಂದನು. ಒಂದು ಪಾಳಿಯ ಕೂಲಿ ಹೋಗುವುದೆಂದು ಬಲ್ಲ ತಾಯಿಯು ಮಾತನಾಡಲಿಲ್ಲ. ಹುಡುಗನಿಗೆ ಆಶ್ಚರ್ಯ ಒಂದು ಕಡೆ, ಅಪ್ಪನು ನಡುವೆ ಎದ್ದು ಹೋಗೋಣವೆಂದಾನೆಂಬ ಭಯ ಇನ್ನೊಂದು ಕಡೆ.

ಗಣಿಗಳಿಗಾಗಿಯೇ 1894ರಲ್ಲಿ ಹಾಕಿದ ಕವಲುದಾರಿಯಲ್ಲಿ ಅವರು ಬಂಗಾರಪೇಟೆಗೆ ಬಂದು, ಅಲ್ಲಿ ಗಾಡಿ ಬದಲಾಯಿಸಿ, ಟೇಕಲ್ಲಿನ ಬಂಡೆಗಳನ್ನೂ ಮಾಲೂರನ್ನೂ ದಾಟಿ ಸಂಜೆಗೆ ಬೆಂಗಳೂರನ್ನು ಸೇರಿದರು. ಕಡಿಮೆ ದರದ ಟಿಕೀಟಿನವರಿಗೆ ಹಿಂದೆ ಸ್ಥಳ. ಅಲ್ಲಿಂದ ನೋಡಿದರೆ ವೇದಿಕೆಯ ಮೇಲಿನ ಮುಖವು ಹೆಬ್ಬೆರಳಿನಷ್ಟು ಮಾತ್ರ. ಪತ್ರಿಕೆಯ ಚಿತ್ರದಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತಿದ್ದರಲ್ಲಾ ಎಂದು ಹುಡುಗನ ಮನಸ್ಸು ಒಂದು ಕ್ಷಣ ಕುಗ್ಗಿತು. ಅಷ್ಟರಲ್ಲಿ ತಂಬೂರಿಯ ಶ್ರುತಿ ಬಯಲನ್ನೆಲ್ಲ ತುಂಬಿಕೊಂಡಿತು.

ಅವನು ಅದುವರೆಗೆ ಕೇಳಿದ್ದ ಹಳೆಯ ತಟ್ಟೆಗಳಲ್ಲಿ ಹಾಡು ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದಿತು. ಇಲ್ಲಿ ಶಂಕರಾಭರಣವೊಂದೇ ಅರ್ಧ ಗಂಟೆಯವರೆಗೆ ಬೆಳೆಯಿತು. ಬಳಿಯಲ್ಲಿ ಕುಳಿತ ರಾಧಾ ವಿಶ್ವನಾಥನ್ ಅವರು ದನಿಗೂಡಿಸುತ್ತಿದ್ದರು. ಪಿಟೀಲಿನವರ ಸರದಿ ಬಂದಾಗ ಸುಬ್ಬುಲಕ್ಷ್ಮಿಯವರು ಕಣ್ಣುಮುಚ್ಚಿ, ತಾವೇ ಮೊದಲ ಸಲ ಆ ರಾಗವನ್ನು ಕೇಳುವವರಂತೆ ತಲೆದೂಗುತ್ತಿದ್ದರು. ಹಾಡುವವರೂ ಕೇಳುತ್ತಾರೆಂಬ ಸಂಗತಿ ಹುಡುಗನಿಗೆ ಹೊಸದು. ಅದನ್ನು ಹೇಳಬೇಕೆಂದು ಪಕ್ಕಕ್ಕೆ ತಿರುಗಿದನು. ತಂದೆಯು ಕಿವಿಗೆ ಅಂಗೈಯನ್ನು ಆನಿಸಿ ಕುಳಿತು, ಮುಂದಿನವನ ಕೈಯನ್ನೇ ನೋಡುತ್ತ ತಾಳ ಹಾಕುತ್ತಿದ್ದನು. ಪ್ರತಿಯೊಂದು ಪೆಟ್ಟೂ ಒಂದಿಷ್ಟು ತಡವಾಗಿ ಬೀಳುತ್ತಿದ್ದಿತು. ಅಕ್ಕಪಕ್ಕದವರು ಗಮನಿಸಿದರೆಂದು ಹುಡುಗನಿಗೆ ನಾಚಿಕೆಯಾಯಿತು, ಮುಖವನ್ನು ತಿರುಗಿಸಿಕೊಂಡನು. ಮೃದಂಗದ ತನಿಯಾವರ್ತನದಲ್ಲಿ ಮಾತ್ರ ಆ ಕೈ ತಪ್ಪಲಿಲ್ಲ. ತಂದೆಯು ಮಂಗಳದವರೆಗೂ ಕದಲಲಿಲ್ಲ.

ರಾತ್ರಿಯ ಗಾಡಿಯಿಂದ ಬಂಗಾರಪೇಟೆಯಲ್ಲಿ ಇಳಿದಾಗ ಗಣಿಗೆ ಹೋಗುವ ಗಾಡಿಗೆ ಬೆಳಗಿನವರೆಗೆ ಕಾಯಬೇಕಾಗಿದ್ದಿತು. ಕಲ್ಲುಬೆಂಚಿನ ಮೇಲೆ ಕುಳಿತು ತಂದೆಯು ಕೇಳಿದನು: "ಮಗು, ಆ ಧ್ವನಿ ಹಿಂದಿನ ಹಾಗೆಯೇ ಇದೆಯೇ?"

ಹುಡುಗನಿಗೆ ಅರ್ಥವಾಗಲಿಲ್ಲ. ತಂದೆಯೇ ಮುಂದುವರಿಸಿದನು: "'ಮೀರಾ' ಚಿತ್ರ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಪಾಳಿ ಮುಗಿಸಿ ಹೋಗಿ ಹೋಗಿ ನೋಡಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ಆಗ ಕಿವಿ ಸರಿಯಾಗಿದ್ದಿತು. ಯಂತ್ರ ಹಿಡಿದ ಮೇಲೆ ಸಣ್ಣ ಸ್ವರಗಳೆಲ್ಲ ಒಂದೊಂದಾಗಿ ಹೋದುವು. ಈಗ ಮೃದಂಗ ತಿಳಿಯುತ್ತದೆ. ಹಾಡು ದೂರದ ಗಾಳಿಯ ಹಾಗೆ."

ಆ ಚಿತ್ರ ಬಂದದ್ದು 1945ರಲ್ಲಿ. ದೊಡ್ಡ ಸದ್ದಿನ ನಡುವೆ ದುಡಿದವರ ಕಿವಿಯು ಮೇಲುಸ್ಥಾಯಿಯ ಧ್ವನಿಗಳನ್ನು ಮೊದಲು ಕಳೆದುಕೊಳ್ಳುವುದೆಂದು ವೈದ್ಯರು ಹೇಳುತ್ತಾರೆ. ಹುಡುಗನಿಗೆ ಇದಾವುದೂ ತಿಳಿಯದು. ಹಾಡಿನ ಮಾತು ಬಂದಾಗ ಅಪ್ಪನು ಜಗಲಿಗೆ ಎದ್ದು ಹೋಗುತ್ತಿದ್ದುದು ಏಕೆಂಬುದು ಮಾತ್ರ ತಿಳಿಯಿತು.

"ಹಾಗಾದರೆ ನೀವು ಬಂದದ್ದೇಕೆ ಅಪ್ಪಾ?" ಎಂದು ಕಿವಿಯ ಬಳಿ ಕೂಗಿ ಕೇಳಿದನು.

"ನೀನು ಕೇಳಿ ನನಗೆ ಹೇಳುವೆಯೆಂದು."

"ಬಹಳ ಚೆನ್ನಾಗಿದ್ದಿತು" ಎಂದನು ಹುಡುಗ. ತಂದೆಯು ಮುಂದಿನ ಮಾತಿಗಾಗಿ ಕಾದನು. ಇಷ್ಟು ವರ್ಷ ಆ ಧ್ವನಿಯನ್ನು ಪ್ರೀತಿಸಿದ್ದರೂ ಅದರ ವಿಷಯವಾಗಿ ಹೇಳುವುದಕ್ಕೆ ತನ್ನಲ್ಲಿ ಇನ್ನೊಂದು ಮಾತಿಲ್ಲವೆಂದು ಹುಡುಗನಿಗೆ ಆಗ ಗೊತ್ತಾಯಿತು. ನಿಲ್ದಾಣದ ಹಮಾಲಿಯೂ ಹಾಲಿನವರೂ ಇತ್ತ ನೋಡುತ್ತಿದ್ದರು. ಈ ಸಲ ಅವನು ನಾಚಲಿಲ್ಲ. ತಂದೆಯು ಬಲ್ಲ ಲೋಕವನ್ನೇ ನೆನೆದು ಹೇಳತೊಡಗಿದನು: "ಕೇಜು ಶಾಫ್ಟಿನಲ್ಲಿ ಇಳಿಯುವ ಹಾಗೆ ಅಪ್ಪಾ. ಮೊದಲು ಬೆಳಕಿನಲ್ಲಿಯೇ ನಿಂತಿದ್ದರು. ಆಮೇಲೆ ಒಂದು ಅಂತಸ್ತು ಇಳಿದರು, ಅಲ್ಲಿ ನಿಂತು ಸುತ್ತ ನೋಡಿದರು. ಮತ್ತೊಂದು ಇಳಿದರು. ಕೊನೆಗೆ ಇನ್ನು ದಾರಿಯೇ ಇಲ್ಲವೆನ್ನುವ ತಳಕ್ಕೆ ಹೋದರು. ಅಲ್ಲಿಂದ ಒಂದೇ ಉಸಿರಿಗೆ ಮೇಲಕ್ಕೆ ಬಂದರು."

ತಂದೆಯು ಕಣ್ಣುಮುಚ್ಚಿಕೊಂಡಿದ್ದನು. "ನಡುವೆ ಎಲ್ಲಿಯೂ ಅಲುಗಲಿಲ್ಲವೇ?"

"ಎಳ್ಳಷ್ಟೂ ಇಲ್ಲ."

"ಹಾಗಾದರೆ ಹಿಂದಿನ ಹಾಗೆಯೇ ಇದೆ" ಎಂದು ಆತನು ತಲೆದೂಗಿದನು. ಪಿಟೀಲನ್ನು ಕೇಳುವಾಗ ವೇದಿಕೆಯ ಮೇಲೆ ಅವರು ತಲೆದೂಗಿದ್ದಂತೆಯೇ ಹುಡುಗನಿಗೆ ಕಂಡಿತು. ಬೆಳಗಾಗುವವರೆಗೂ ತಂದೆಯು ಕೇಳುತ್ತ, ಮಗನು ಹೇಳುತ್ತ ಕುಳಿತರು.

ಸುಬ್ಬುಲಕ್ಷ್ಮಿಯವರು 1966ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಹಾಡಿದರು, 1998ರಲ್ಲಿ ಭಾರತರತ್ನವಾದರು, 2004ರ ಡಿಸೆಂಬರಿನಲ್ಲಿ ತೀರಿಕೊಂಡರು. ಗಣಿಗಳು ಅದಕ್ಕೆ ಮೊದಲೇ, 2001ರಲ್ಲಿ ಮುಚ್ಚಿದ್ದುವು. ಆ ತಂದೆಯೂ ಈಗಿಲ್ಲ. ಹುಡುಗನು ಮುದುಕನಾಗಿದ್ದಾನೆ. ಇಂದಿಗೂ ಕಚೇರಿಗೆ ಹೋದರೆ, ಕೇಳಿದ್ದರಲ್ಲಿ ಒಂದನ್ನಾದರೂ ಮನೆಯಲ್ಲಿ ಉಳಿದವರಿಗೆ ಅವರವರ ಮಾತಿನಲ್ಲಿ ಹೇಳದೆ ಅವನು ಮಲಗುವುದಿಲ್ಲ.