ಹನಗೋಡಿನ ಪೈಪು ಪಟ್ಟಿ

ಜೂನ್ 3, 2025, ಮಂಗಳವಾರ

ನೀರು ಮತ್ತು ನೈರ್ಮಲ್ಯ ಸಮಿತಿ ಸಭೆ. ಹಳೇ ಬೀದಿಗಳ ಪೈಪು ಬದಲಾಯಿಸಲು ಕ್ರಿಯಾಯೋಜನೆ ಕಳಿಸಬೇಕಂತೆ. ಎಲ್ಲಿಂದ ಶುರು ಅನ್ನುವ ಮಾತು ಬಂದದ್ದೇ ತಡ, ಅವರವರಿಗೆ ಅವರವರ ಬೀದಿ. "ಬಸ್‌ಸ್ಟಾಂಡ್ ಕಡೆಯಿಂದ ಆದ್ರೆ ಜೆಸಿಬಿ ಓಡಾಡೋಕೆ ಸಲೀಸು" ಅಂದರು ಒಬ್ಬರು. ಜೆಸಿಬಿಗೆ ಸಲೀಸಾದರೆ ಸಾಕೇ, ಕುಡಿಯೋರನ್ನ ಕೇಳೋದು ಬೇಡವೇ ಅಂದೆ. ಪಟ್ಟಿ ಮಾಡುವ ಕೆಲಸ ನನ್ನ ತಲೆಗೇ ಬಿತ್ತು. ರಿಟೈರಾದ ಸೈನ್ಸ್ ಮೇಡಂಗೆ ಬೇರೇನು ಕೆಲಸ ಅನ್ನುವುದು ಊರಿನ ಲೆಕ್ಕ.

ಸಭೆಗೆಲ್ಲ ಸೋರಿಕೆಯ ಚಿಂತೆ, ನನಗೆ ಸೀಸದ್ದು. ಪರದೇಶದ ಹಳೇ ಪಟ್ಟಣಗಳ ಹಾಗೆ ಪೂರಾ ಸೀಸದ ಪೈಪು ನಮ್ಮೂರಲ್ಲಿಲ್ಲ. ಇಲ್ಲಿ ಮೊದಲು ಬಂದದ್ದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ; ಆಮೇಲೆ ಪಿವಿಸಿ. ಆದರೆ ಪಿವಿಸಿಯನ್ನು ಕಾಯಿಸಿ ಪೈಪು ಮಾಡುವಾಗ ಅದು ಸುಟ್ಟು ಕೆಡದಿರಲೆಂದು ಸೀಸದ ಲವಣ ಬೆರೆಸುತ್ತಿದ್ದರು. ಕೇಂದ್ರ ಪರಿಸರ ಸಚಿವಾಲಯ ಅದಕ್ಕೆ ಕಡಿವಾಣ ಹಾಕುವ ನಿಯಮ ತಂದದ್ದು 2021ರಲ್ಲಿ. ಅದಕ್ಕೂ ಮುಂಚೆ ಹೂತದ್ದು ಹೂತಲ್ಲೇ ಇದೆ.

ಜೂನ್ 6, ಶುಕ್ರವಾರ

ಮಳೆ ಬಿಡುವು ಕೊಟ್ಟಿತ್ತು. ಹೊಗೆಸೊಪ್ಪಿನ ಸಸಿ ನೆಡಲು ಹೆಣ್ಣಾಳುಗಳೆಲ್ಲ ಹೊಲಕ್ಕೆ ಹೋಗಿದ್ದರು, ಬೀದಿ ಖಾಲಿ. ವಾಟರ್‌ಮ್ಯಾನ್ ಜೊತೆ ಸುತ್ತಿದೆ. ನನ್ನ ಹಳೇ ಶಿಷ್ಯ. ಸೋರುವ ಜಾಗದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಪೈಪಿನ ಮೇಲಿನ ಕೆಂಪು ಕೆಸರಿಗೆ ಚೊಂಬಿನಲ್ಲಿ ನೀರು ಹುಯ್ದ. ಬಟ್ಟೆಯಲ್ಲಿ ಉಜ್ಜಿದರೆ ಅಕ್ಷರ ಎದ್ದವು: ಐಎಸ್ 4985, ಅಳತೆ, ಕಂಪನಿ ಹೆಸರಿನ ಅರ್ಧ. ಇಸವಿ ಅಳಿಸಿಹೋಗಿದೆ.

"ಯಾವಾಗ ಹಾಕಿದ್ದೋ ಇದು?"

"ನಮ್ಮಪ್ಪ ಇದ್ದಾಗ್ಲೇ ಹಾಕವ್ರೆ ಮೇಡಂ. ಅತ್ತಗಿನದು ಜಿಐ. ಅದರ ಮ್ಯಾಲೆ ಚರಂಡಿ ಕಟ್ಬುಟ್ಟವ್ರೆ, ಕಾಣಾಕಿಲ್ಲ."

ಹೊಸ ಬಡಾವಣೆಯಲ್ಲಿ ನೀಲಿ ಗೆರೆಯ ಕಪ್ಪು ಎಚ್‌ಡಿಪಿಇ, ಜಲಜೀವನ ಮಿಷನ್ ಕಾಲದ್ದು. ಅದನ್ನು ಸದ್ಯಕ್ಕೆ ಮುಟ್ಟಬೇಕಿಲ್ಲ.

ಜೂನ್ 11, ಬುಧವಾರ

ರಾತ್ರಿ ಮಗಳ ಫೋನು. ಅವಳಿರುವುದು ನ್ಯೂಜೆರ್ಸಿ. ಪಕ್ಕದ ನೆವಾರ್ಕ್‌ನಲ್ಲಿ 2019ರಲ್ಲಿ ಹಿಡಿದು ಮೂರು ವರ್ಷದ ಆಸುಪಾಸಿನಲ್ಲಿ 23,000ಕ್ಕೂ ಹೆಚ್ಚು ಸೀಸದ ಪೈಪು ಕಿತ್ತು ತಾಮ್ರದ್ದು ಹಾಕಿದರು. ಮನೆಯವರಿಂದ ಕಾಸು ಕೇಳಲಿಲ್ಲ. ಬಾಡಿಗೆ ಮನೆಗಳೇ ಹೆಚ್ಚು, ಮಾಲೀಕರು ಕೈಗೆ ಸಿಗುವುದಿಲ್ಲ ಎಂದು ಅವರ ಒಪ್ಪಿಗೆಗೂ ಕಾಯದೆ ಕೆಲಸ ಮಾಡಲು ನಗರಸಭೆ ಕಾನೂನನ್ನೇ ಮಾಡಿತು.

ಅಮೆರಿಕದ ನೀರು ಸಂಸ್ಥೆಗಳೆಲ್ಲ 2024ರ ಅಕ್ಟೋಬರ್ ಒಳಗೆ ಮನೆಮನೆಯ ಪೈಪಿನ ಪಟ್ಟಿ ಕೊಡಬೇಕಿತ್ತು. ಸೀಸದ್ದು, ಸೀಸವಲ್ಲದ್ದು, ಬದಲಾಯಿಸಬೇಕಾದ ಜಿಐ, ಮತ್ತು ಗೊತ್ತಿಲ್ಲದ್ದು. ಜಿಐ ಯಾಕೆಂದರೆ, ಹಿಂದೆ ಸೀಸದ ಪೈಪಿದ್ದರೆ ಅದರಿಂದ ಬಂದ ಸೀಸ ಮುಂದಿನ ಜಿಐಯ ತುಕ್ಕಿಗೆ ಅಂಟಿ ಕೂತಿರುತ್ತದೆ. ನನಗೆ ಹಿಡಿಸಿದ್ದು ನಾಲ್ಕನೆಯ ಕಾಲಂ. ನಮ್ಮ ಕಚೇರಿ ಕಡತಗಳಲ್ಲಿ 'ಗೊತ್ತಿಲ್ಲ' ಅಂತ ಬರೆಯಲು ಜಾಗವೇ ಇರುವುದಿಲ್ಲ. ಖಾಲಿ ಬಿಡುವಂತಿಲ್ಲ, ಹಾಗಾಗಿ 'ಪಿವಿಸಿ' ಅಂತ ತುಂಬಿಬಿಡುತ್ತಾರೆ. ಆಮೇಲೆ ಆ ಜಾಗವನ್ನು ಅಗೆದು ನೋಡುವವರೇ ಇಲ್ಲ. ಚರಂಡಿ ಕೆಳಗಿನದನ್ನೆಲ್ಲ ನಾಲ್ಕನೆಯ ಕಾಲಮ್ಮಿಗೆ ಹಾಕಿದೆ.

ಜೂನ್ 15, ಭಾನುವಾರ

ಮುಖ್ಯ ಪೈಪಿಗೆ ಕೂಡಿಸಿದ ಸ್ಯಾಡಲಿನಿಂದ ಮನೆ ಕೊಳಾಯಿವರೆಗಿನ ತುಂಡು ಯಾರದು? ಮನೆಯವರದು ಅನ್ನುತ್ತಾರೆ ಪಂಚಾಯಿತಿಯವರು, ಪಂಚಾಯಿತಿಯದು ಅನ್ನುತ್ತಾರೆ ಮನೆಯವರು. ಇದು ತೀರದೆ ಗುದ್ದಲಿ ಎತ್ತಬಾರದು. ಸೀಸದ ಪೈಪನ್ನು ಅರ್ಧ ಕಿತ್ತು ಅರ್ಧ ಬಿಟ್ಟ ಊರುಗಳಲ್ಲಿ, ಅಲುಗಾಡಿದ ಪೈಪಿನ ಪದರ ಕಳಚಿ ಕೆಲವು ಕಾಲ ನೀರಿಗೆ ಸೀಸ ಇನ್ನೂ ಹೆಚ್ಚೇ ಇಳಿದಿದೆ. ಜೊತೆಗೆ ಹಿತ್ತಾಳೆ ನಲ್ಲಿ: ಕಡೆಯಲು ಹಗುರವಾಗಲೆಂದು ಅದಕ್ಕೂ ಸೀಸ ಸೇರಿಸುವುದುಂಟು.

ಎದುರು ಮನೆ ಅಕ್ಕ, "ನಾವು ಕಾಯಿಸಿ ಆರಿಸೇ ಕುಡಿಯೋದು ಬಿಡಿ" ಅಂದರು. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಸೀಸ ಸಾಯಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತೆ ಅಂದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಮೊದಲು ಪಾತ್ರೆ ತೊಳೆಯಲಿಕ್ಕೋ ಗಿಡಕ್ಕೋ ಬಿಟ್ಟು, ಆಮೇಲೆ ಕುಡಿಯೋಕೆ ಹಿಡೀರಿ. "ಅಷ್ಟೇ ತಾನೇ" ಅಂದರು. ಮಾಡುತ್ತಾರೆ.

ಸಮಿತಿಯ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಗೊತ್ತಾಗುತ್ತದೆ, ಸೀಸ ಗೊತ್ತಾಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದೆಂದು ಐಎಸ್ 10500 ಹೇಳುತ್ತದೆ. ಅಷ್ಟು ಸಣ್ಣದನ್ನು ಅಳೆಯಲು ದೊಡ್ಡ ಲ್ಯಾಬೇ ಬೇಕು. ಟ್ಯಾಂಕಿನ ನೀರು ಕಳಿಸಿ ಪ್ರಯೋಜನವಿಲ್ಲ. ಬೆಳಗಿನ ಮೊದಲ ನೀರನ್ನು ಮನೆಯ ನಲ್ಲಿಯಿಂದಲೇ ಹಿಡಿಯಬೇಕು.

ಜೂನ್ 19, ಗುರುವಾರ

ಲಕ್ಷ್ಮಣತೀರ್ಥ ಕೆಂಪಗಾಗಿದೆ. ಅಣೆಕಟ್ಟೆ ನೋಡಲು ಊರಿಗೆ ಊರೇ ಹೋಗಿತ್ತು. ಮನೆಯಲ್ಲಿ ಕೂತು ಪಟ್ಟಿ ಮುಗಿಸಿದೆ.

ಬೀದಿಯ ಲೆಕ್ಕ ಬಿಟ್ಟು ಬಾಯಿಯ ಲೆಕ್ಕ ಹಿಡಿದೆ. ಮೊದಲು ಅಂಗನವಾಡಿ, ಶಾಲೆ. ಆಮೇಲೆ ಬಸುರಿಯರು, ಎಳೆಮಕ್ಕಳಿರುವ ಮನೆ. ಸೀಸ ಬಲಿಯುವ ಮಿದುಳಿಗೆ ಪೆಟ್ಟು ಕೊಡುತ್ತದೆ, ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಹೆಚ್ಚು ಹೀರುತ್ತದೆ. ಅಗೆದ ಕಡೆ ಮುಖ್ಯ ಪೈಪಿನಿಂದ ನಲ್ಲಿವರೆಗೆ ಒಂದೇ ಸಲಕ್ಕೆ ಬದಲಾಗಬೇಕು, ಖರ್ಚು ಯೋಜನೆಯಲ್ಲೇ ಸೇರಬೇಕು. ಹೊಸ ಪೈಪಿಗೆ ಸೀಸವಿಲ್ಲವೆಂಬ ಪರೀಕ್ಷಾ ವರದಿ ಕೇಳಬೇಕು.

ಪಿಡಿಒ ಓದಿ, "ಹೀಗೆ ಅಲ್ಲೊಂದು ಇಲ್ಲೊಂದು ಅಗೆದರೆ ಗುತ್ತಿಗೆದಾರರು ಒಪ್ಪಲ್ಲ ಮೇಡಂ" ಅಂದರು. ಅಂಗನವಾಡಿ ಇರುವ ಬೀದಿಯಿಂದಲೇ ಶುರುಮಾಡಿ, ಅಲ್ಲಿ ಎಡಬಿಡದೆ ಎಲ್ಲಾ ಮನೆಗೂ ಹಾಕಲಿ ಅಂದೆ. ಅದಾಗಬಹುದು ಅಂದರು. ಉಳಿದದ್ದು ಗ್ರಾಮಸಭೆಗೆ. ಅಷ್ಟರೊಳಗೆ ಆಶಾ ಕಾರ್ಯಕರ್ತೆಯ ಜೊತೆ ಕೂತು ಬಸುರಿಯರ ಮನೆಗಳನ್ನು ಗುರುತು ಹಾಕಿಕೊಳ್ಳಬೇಕು.