ಇಲ್ಲಿ ಮತ್ತು ಅಲ್ಲಿ

ನಾನು ಕನ್ನಡದ ಮೇಷ್ಟ್ರು. ಗಣಕಯಂತ್ರದೊಡನೆ ನನ್ನ ನಂಟು ಅಂಕಪಟ್ಟಿ ತುಂಬುವಷ್ಟಕ್ಕೆ ಮುಗಿಯುತ್ತದೆ. ಆದರೂ ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆಯುವ ನನ್ನ ಸೋದರಳಿಯ ಮನೆಗೆ ಬಂದಾಗ, ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತ ಅವನ ಕಸುಬಿನ ಕಥೆ ಕೇಳುವುದು ನನಗೊಂದು ಚಪಲ.

ಈ ಸಲ ಗೌರಿಹಬ್ಬಕ್ಕೆ ಬಂದವನು ಹೇಳಿದ: “ಮಾವ, ಪ್ರೋಗ್ರಾಮಿನೊಳಗೆ ಆಬ್ಜೆಕ್ಟ್ ಎಂಬ ಘಟಕಗಳಿರುತ್ತವೆ. ಒಂದು ಇನ್ನೊಂದನ್ನು ಕರೆದು ಕೆಲಸ ಹೇಳುತ್ತದೆ. ಎಲ್ಲ ಒಂದೇ ಯಂತ್ರದಲ್ಲಿದ್ದರೆ ಸುಲಭ. ಬೇರೆ ಬೇರೆ ಊರಿನ ಯಂತ್ರಗಳಲ್ಲಿದ್ದರೂ ಪಕ್ಕದಲ್ಲಿದ್ದಂತೆಯೇ ಕರೆಯುವಂತಾಗಬೇಕೆಂಬುದು ನಮ್ಮವರ ಬಹುಕಾಲದ ಆಸೆ.”

ದೂರದ ಯಂತ್ರಕ್ಕೆ ಹೀಗೆ ಕೆಲಸ ಹೇಳುವ ಬಗೆಯನ್ನು ಜೆರಾಕ್ಸ್ ಕಂಪನಿಯ ಸಂಶೋಧನಾಲಯದ ಬಿರೆಲ್ ಮತ್ತು ನೆಲ್ಸನ್ 1984ರ ಪ್ರಬಂಧವೊಂದರಲ್ಲಿ ವಿವರಿಸಿದರಂತೆ. ಕರೆಯುವವನ ಮನೆಯಲ್ಲಿಯೇ ದೂರದವನ ಪರವಾಗಿ ಒಬ್ಬ ಪ್ರತಿನಿಧಿ. ಅವನು ಮಾತನ್ನು ಗಂಟು ಕಟ್ಟಿ ಕಳಿಸುತ್ತಾನೆ, ಆಚೆ ತುದಿಯಲ್ಲಿ ಇನ್ನೊಬ್ಬ ಬಿಚ್ಚಿ ಒಪ್ಪಿಸುತ್ತಾನೆ. 1990ರ ದಶಕದಲ್ಲಿ ಕೋರ್ಬಾ, ಜಾವಾದ ಆರ್‌ಎಂಐ ಮೊದಲಾದವು ಇದೇ ಉಪಾಯವನ್ನು ಆಬ್ಜೆಕ್ಟುಗಳಿಗೆ ಒದಗಿಸಿದವು. ಆದರೆ 1994ರಲ್ಲಿಯೇ ಸನ್ ಮೈಕ್ರೋಸಿಸ್ಟಮ್ಸಿನ ಜಿಮ್ ವಾಲ್ಡೊ ಮತ್ತು ಸಂಗಡಿಗರು, ಹತ್ತಿರವೂ ದೂರವೂ ಒಂದೇ ಎಂದು ನಟಿಸುವುದು ತಪ್ಪೆಂದು ವಾದಿಸಿದ್ದರು. ದೂರದ ಕರೆಗೆ ಹೆಚ್ಚು ಹೊತ್ತು ಹಿಡಿಯುತ್ತದೆಂಬುದಷ್ಟೇ ಅಲ್ಲ. ಉತ್ತರ ಬಾರದಿದ್ದಾಗ ಕೆಲಸವೇ ಆಗಲಿಲ್ಲವೋ, ಆದರೂ ಉತ್ತರ ದಾರಿಯಲ್ಲಿ ಕಳೆದುಹೋಯಿತೋ, ತಿಳಿಯುವುದು ಹೇಗೆ?

ಇದನ್ನು ಕೇಳಿ ನನ್ನ ಬಾಯಿಯ ಎಲೆ ಕಹಿಯಾಯಿತು.

ತೀರ್ಥಹಳ್ಳಿಯ ಬಳಿಯ ನಮ್ಮೂರಿನಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಕಿವಿ ಮಂದ, ಮರೆವು ಬೇರೆ. ರಾತ್ರಿಯ ರಕ್ತದೊತ್ತಡದ ಮಾತ್ರೆಯನ್ನು ನೆನಪಿಸಲು ನಾನು ಮೈಸೂರಿನಿಂದ ಪಕ್ಕದ ಮನೆಗೆ ಫೋನು ಮಾಡುವುದು ರೂಢಿ. ಆಷಾಢದ ಒಂದು ರಾತ್ರಿ “ಅಮ್ಮನಿಗೊಂದು ಮಾತ್ರೆ ಕೊಟ್ಟುಬಿಡಿ” ಎಂದೆ. “ಆಯಿತು” ಎಂಬುದು ಕೇಳುವ ಮೊದಲೇ ಫೋನು ಸತ್ತಿತು. ಮತ್ತೆ ಸಿಗಲಿಲ್ಲ. ಎದುರು ಮನೆಯವರಿಗೆ ಮಾಡಿ ಅದೇ ಮಾತು ಹೇಳಿದೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಕೊಟ್ಟರು. ಕೊಟ್ಟದ್ದನ್ನು ಬೇಡವೆನ್ನುವ ಅಭ್ಯಾಸ ಅಮ್ಮನಿಗಿಲ್ಲ. ಬೆಳಿಗ್ಗೆ ಎದ್ದವಳು ತಲೆ ತಿರುಗಿ ಬಚ್ಚಲ ಬಾಗಿಲಲ್ಲಿ ಕುಸಿದಳು. ಮೂಳೆ ಮುರಿಯಲಿಲ್ಲವೆಂಬುದು ನಮ್ಮ ಪುಣ್ಯ.

“ಇದಕ್ಕೆ ನಿಮ್ಮಲ್ಲಿ ಮದ್ದೇನೋ?” ಎಂದೆ.

“ಪ್ರತಿ ಕರೆಗೂ ಒಂದು ಸಂಖ್ಯೆ ಕೊಡುತ್ತೇವೆ ಮಾವ. ಅದೇ ಸಂಖ್ಯೆ ಮತ್ತೆ ಬಂದರೆ ಆಚೆಯ ಯಂತ್ರ ಕೆಲಸವನ್ನು ಮತ್ತೆ ಮಾಡುವುದಿಲ್ಲ. ಹಿಂದಿನ ಉತ್ತರವನ್ನೇ ಕಳಿಸುತ್ತದೆ.”

ಮರುದಿನವೇ ಏಳು ಗೂಡುಗಳ ಮಾತ್ರೆಡಬ್ಬಿ ಕೊಂಡೆ, ಗೂಡಿಗೊಂದು ವಾರದ ಹೆಸರು. ಈಗ ನಾನು ಹೇಳುವುದು, “ಸೋಮವಾರದ ಗೂಡು ನೋಡಿ, ಮಾತ್ರೆ ಇದ್ದರೆ ಮಾತ್ರ ಕೊಡಿ.” ಹತ್ತು ಮನೆಗೆ ಹೇಳಿದರೂ ಅಮ್ಮ ನುಂಗುವುದು ಒಂದೇ.

ಇವನು, ಅವನು, ಇಲ್ಲಿ, ಅಲ್ಲಿ. ನಮ್ಮ ಭಾಷೆ ಮೊದಲಕ್ಷರದಲ್ಲಿಯೇ ದೂರವನ್ನು ಗುರುತಿಸಿ ಮುಂದೆ ಹೋಗುತ್ತದೆ. ಹದಿನೆಂಟು ವರ್ಷ ಇದನ್ನೇ ಪಾಠ ಹೇಳಿದ ನಾನು, ಫೋನು ಕೈಗೆ ಬಂದೊಡನೆ ಅಮ್ಮ ಇಲ್ಲಿಯೇ ಇದ್ದಾಳೆಂದು ನಂಬಿಬಿಟ್ಟಿದ್ದೆ. ಆಕೆ ಇರುವುದು ಅಲ್ಲಿ.