ಹಸಿವಿನ ಗುಡ್ಡದಲ್ಲಿ ವಸಂತ

ನಾಟಿಂಗ್‌ಹ್ಯಾಂ ಎಂದೊಡನೆ ನಮ್ಮ ಮಕ್ಕಳಿಗೆ ರಾಬಿನ್ ಹುಡ್ ನೆನಪಾಗುತ್ತಾನೆ. ಹಿರಿಯರಿಗೆ ರ‍್ಯಾಲಿ ಸೈಕಲ್ಲು ನೆನಪಾಗುತ್ತದೆ. ಲಂಡನ್ನಿನ ಉತ್ತರಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿರುವ ಈ ಊರು, ಲೇಸು ಹೆಣೆಯುವ ಯಂತ್ರಗಳಿಂದಲೂ ಕಾರ್ಖಾನೆಗಳಿಂದಲೂ ಒಂದು ಕಾಲದಲ್ಲಿ ಲೋಕಪ್ರಸಿದ್ಧವಾಗಿತ್ತು. ಆದರೆ ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಹೋದವರು ನೋಡಲೇಬೇಕಾದ ಸ್ಥಳ ಕೋಟೆಯೂ ಅಲ್ಲ, ಕಾರ್ಖಾನೆಯೂ ಅಲ್ಲ. ಊರಿನ ಈಶಾನ್ಯಕ್ಕೆ ಸೇಂಟ್ ಆನ್ಸ್ ಎಂಬ ಬಡಾವಣೆಯ ಮಗ್ಗುಲಲ್ಲಿ ಒಂದು ಇಳಿಜಾರು ಗುಡ್ಡವಿದೆ. ಅದರ ಹೆಸರು ಹಂಗರ್ ಹಿಲ್, ಎಂದರೆ ಹಸಿವಿನ ಗುಡ್ಡ. ಈ ಗುಡ್ಡದ ಮೈಯೆಲ್ಲ ತೋಟ.

ಸುಮಾರು 75 ಎಕರೆಯ ಈ ನೆಲದಲ್ಲಿ ಆರುನೂರಕ್ಕೂ ಹೆಚ್ಚು ಪುಟ್ಟ ತೋಟಗಳಿವೆ. ಒಂದೊಂದಕ್ಕೂ ಆಳೆತ್ತರದ ಮುಳ್ಳುಬೇಲಿ, ಒಂದೊಂದಕ್ಕೂ ಬೇರೆ ಬೇರೆ ಬಾಗಿಲು. ಬೇಲಿಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದಷ್ಟು ಕಿರಿದಾದ ಓಣಿಗಳು. ಇಂಗ್ಲೆಂಡಿನ ಐತಿಹಾಸಿಕ ಉದ್ಯಾನಗಳ ಸಾಲಿನಲ್ಲಿ ಅರಮನೆಗಳ ತೋಟಗಳೊಡನೆ ಈ ಕೂಲಿಕಾರರ ತೋಟಗಳೂ ಸೇರಿರುವುದು ಸೋಜಿಗವಾದರೂ ನ್ಯಾಯವಾದುದೇ ಆಗಿದೆ.

ಇಂಥ ತೋಟವನ್ನು ಆ ದೇಶದಲ್ಲಿ ‘ಅಲಾಟ್‌ಮೆಂಟ್’ ಎನ್ನುತ್ತಾರೆ. ಸ್ವಂತ ನೆಲವಿಲ್ಲದ ಪಟ್ಟಣಿಗನಿಗೆ ಸ್ಥಳೀಯ ಸಂಸ್ಥೆಯು ಅಲ್ಪ ಬಾಡಿಗೆಗೆ ಅಳೆದುಕೊಡುವ ನೆಲ ಅದು. ಹಳೆಯ ಅಳತೆಯ ಪ್ರಕಾರ ಪೂರ್ಣ ತೋಟವೆಂದರೆ 10 ರಾಡು, ಸುಮಾರು 250 ಚದರ ಮೀಟರು. ಬೆಂಗಳೂರಿನವರಿಗೆ ಹೇಳುವುದಾದರೆ, ಅರವತ್ತು-ನಲವತ್ತರ ಒಂದು ನಿವೇಶನಕ್ಕಿಂತ ತುಸು ದೊಡ್ಡದು. ಇಷ್ಟು ನೆಲದ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಹಳ್ಳಿಯವರು ದನ ಮೇಯಿಸಿಕೊಂಡು, ಸೌದೆ ಆಯ್ದುಕೊಂಡು ಬದುಕುತ್ತಿದ್ದ ಗೋಮಾಳಗಳಿಗೆ ಕಾಯಿದೆಗಳ ಬಲದಿಂದ ಬೇಲಿ ಬಿದ್ದು, ಅವು ಒಬ್ಬೊಬ್ಬರ ಸ್ವತ್ತಾದವು. ನೆಲ ಕಳೆದುಕೊಂಡವರು ಕಾರ್ಖಾನೆಯ ಊರುಗಳಿಗೆ ಬಂದು ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ತುಂಬಿಕೊಂಡರು. ನಾಟಿಂಗ್‌ಹ್ಯಾಂ ಊರಿನ ಸುತ್ತಣ ಸಾಮಾನ್ಯ ಭೂಮಿಗೂ 1845ರಲ್ಲಿ ಅಂಥದೇ ಕಾಯಿದೆ ಬಂದಿತು. ಅದಾಗಲೇ ತೋಟಗಳಾಗಿ ವಿಂಗಡವಾಗಿದ್ದ ಹಸಿವಿನ ಗುಡ್ಡವು ಮಾತ್ರ ಮನೆಗಳ ಪಾಲಾಗದೆ ಉಳಿಯಿತು. ಬೇಡಿಕೆಯಿದ್ದಲ್ಲಿ ಜನರಿಗೆ ಇಂಥ ನೆಲವನ್ನು ಒದಗಿಸಿಕೊಡುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು 1908ರ ಕಾಯಿದೆ ವಿಧಿಸಿತು. ತೋಟಕ್ಕೆಂದೇ ಕೊಂಡ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರಕೂಡದೆಂದು 1925ರ ಕಾಯಿದೆ ಸಾರಿತು.

ಈ ತೋಟಗಳಿಗೆ ವಸಂತವು ಒಮ್ಮೆಗೇ ಬರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಫೆಬ್ರವರಿಯಲ್ಲಿ, ನೆಲವಿನ್ನೂ ಕಲ್ಲಿನಂತಿರುವಾಗ, ತಲೆತಗ್ಗಿಸಿದ ಬಿಳಿಯ ಸ್ನೋಡ್ರಾಪ್ ಹೂವು ಮೊದಲು ಕಣ್ಣು ತೆರೆಯುತ್ತದೆ. ಅದರ ಹಿಂದೆಯೇ ನೇರಿಳೆಯ, ಹಳದಿಯ ಕ್ರೋಕಸ್ ಬಟ್ಟಲುಗಳು. ಮಾರ್ಚ್ ಬಂದಿತೆಂದರೆ ಡ್ಯಾಫೊಡಿಲ್ಲುಗಳ ಕಾಲ. ಹಿಂದಿನ ಶರತ್ಕಾಲದಲ್ಲಿ ಈರುಳ್ಳಿಯಂಥ ಗೆಡ್ಡೆಗಳನ್ನು ಹೂಳಿಟ್ಟು ಮರೆತವರಿಗೆ ಅದು ಬಡ್ಡಿಸಹಿತ ಸಲ್ಲುವ ಸಾಲ. ಏಪ್ರಿಲಿನಲ್ಲಿ ಪ್ಲಮ್ಮು, ಪೇರು ಮರಗಳು ಎಲೆ ಮೂಡುವ ಮೊದಲೇ ಬೆಳ್ಳಗೆ ಹೂಬಿಡುತ್ತವೆ. ಸೇಬು ಗುಲಾಬಿ ಛಾಯೆಯಿಂದ ಅವನ್ನು ಹಿಂಬಾಲಿಸುತ್ತದೆ. ಮೇ ತಿಂಗಳಲ್ಲಿ ಬೇಲಿಯ ಹಾಥಾರ್ನ್ ಮುಳ್ಳುಗಿಡಗಳೇ ಹೂವಾಗಿ ಓಣಿಗಳೆಲ್ಲ ಬಿಳಿಯ ಗೋಡೆಗಳ ನಡುವೆ ನಡೆಯುತ್ತವೆ.

ಹೂವು ತನ್ನ ಪಾಡಿಗೆ ಅರಳುತ್ತಿರಲು ಬಿತ್ತುವವನಿಗೆ ಬೇರೆಯ ಚಿಂತೆ. ನಮ್ಮ ರೈತನು ರೋಹಿಣಿ ಮಳೆಗಾಗಿ ಮುಗಿಲನ್ನು ನೋಡುತ್ತಾನೆ. ಅಲ್ಲಿಯ ತೋಟಗಾರನು ಬಾಗಿ ಮಣ್ಣನ್ನು ಮುಟ್ಟಿ ನೋಡುತ್ತಾನೆ. ಅವನಿಗೆ ಮಳೆಯ ಕೊರತೆಯಿಲ್ಲ, ಕೊರತೆಯೆಲ್ಲ ಕಾವಿನದು. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ಮೊಳೆಯುವುದಕ್ಕಿಂತ ಮೊದಲೇ ಕೊಳೆಯುತ್ತದೆ. ಬ್ರಾಡ್ ಬೀನ್ಸ್ ಎಂಬ ದಪ್ಪ ಅವರೆಯೊಂದು ಚಳಿಗೆ ಅಂಜದು. ಅದನ್ನು ಎಲ್ಲಕ್ಕಿಂತ ಮೊದಲು ಬಿತ್ತುತ್ತಾರೆ. ಆಮೇಲೆ ಈರುಳ್ಳಿ, ಬಟಾಣಿ. ಏಪ್ರಿಲಿನಲ್ಲಿ ಗಜ್ಜರಿ, ಬೀಟ್‌ರೂಟು. ಬೀಜದ ಆಲೂಗಡ್ಡೆಯನ್ನು ಫೆಬ್ರವರಿಯಲ್ಲೇ ಮೊಟ್ಟೆಯ ತಟ್ಟೆಗಳಲ್ಲಿ ಸಾಲಾಗಿ ನಿಲ್ಲಿಸಿ ಮನೆಯ ಬೆಳಕಿನಲ್ಲಿ ಮೊಳಕೆ ಬರಿಸುತ್ತಾರೆ. ಅದನ್ನು ಗುಡ್ ಫ್ರೈಡೆಯಂದು ನೆಡಬೇಕೆಂಬುದು ಹಳೆಯ ವಾಡಿಕೆ. ಆದರೆ ನಮ್ಮ ಯುಗಾದಿಯಂತೆ ಆ ಹಬ್ಬವೂ ಚಂದ್ರನನ್ನು ಅನುಸರಿಸಿ ಮಾರ್ಚ್ 20ರಿಂದ ಏಪ್ರಿಲ್ 23ರವರೆಗೆ ಹಿಂದುಮುಂದಾಗುತ್ತದೆ. ಆದ್ದರಿಂದ ಅನುಭವಸ್ಥರು ಪಂಚಾಂಗಕ್ಕಿಂತ ಮಣ್ಣಿನ ಮಾತನ್ನೇ ಹೆಚ್ಚು ನಂಬುತ್ತಾರೆ.

ಮಾರ್ಚ್ ತಿಂಗಳ ಕೊನೆಯ ಭಾನುವಾರ ಆ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಸರಿಯುತ್ತವೆ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಆರಂಭವಾದ ಈ ಏರ್ಪಾಟಿನಿಂದ ದುಡಿಯುವವನ ಸಂಜೆಗೆ ಒಂದು ಗಂಟೆಯ ಬೆಳಕು ಸೇರುತ್ತದೆ. ಕೆಲಸ ಮುಗಿಸಿ ಬಂದವನ ಗುದ್ದಲಿಗೆ ಆ ಒಂದು ಗಂಟೆ ಬಹು ಅಮೂಲ್ಯವಾದುದು.

ಈ ಊರಿನ ದುಡಿಮೆಗಾರರ ಹೂವಿನ ಹುಚ್ಚು ಎಷ್ಟೆಂಬುದನ್ನು ಸ್ಯಾಮ್ಯುಯೆಲ್ ರೆನಾಲ್ಡ್ಸ್ ಹೋಲ್ ಎಂಬ ಪಾದ್ರಿ ಗುಲಾಬಿಗಳನ್ನು ಕುರಿತು 1869ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಈಸ್ಟರ್ ಸೋಮವಾರದಂದು ಕೂಲಿಕಾರರ ಗುಲಾಬಿ ಪ್ರದರ್ಶನವಿದೆ, ತೀರ್ಪುಗಾರರಾಗಿ ಬರಬೇಕು ಎಂದು ಅವನಿಗೆ ಒಂದು ಕಾಗದ ಬಂದಿತು. ತನ್ನ ತೋಟದಲ್ಲಿ ಒಂದು ಮೊಗ್ಗೂ ಇಲ್ಲದಿರುವಾಗ ಇದು ಯಾರದೋ ಕುಚೋದ್ಯವೆಂದೇ ಅವನು ಭಾವಿಸಿದ. ವಿಚಾರಿಸಿ ಹೋಗಿ ನೋಡಿದರೆ, ಪಾನಗೃಹವೊಂದರ ಕೊಠಡಿಯಲ್ಲಿ ಗುಲಾಬಿಗಳು ಸಾಲುಗಟ್ಟಿ ನಿಂತಿದ್ದವು! ಗುಡ್ಡದ ಪುಟ್ಟ ಗಾಜಿನ ಮನೆಗಳಲ್ಲಿ ಬೆಳೆದ ಹೂಗಳು ಅವು. ಬೆಲೆಬಾಳುವ ಹೊಸ ತಳಿಗಳನ್ನು ಕೊಳ್ಳಲು ಹಣವೆಲ್ಲಿಂದ ಎಂದು ಕೇಳಿದಾಗ, ಹೆಂಡದಂಗಡಿಗೆ ಹೋಗದೆ ಉಳಿಸಿದ ಹಣವೆಂಬ ಉತ್ತರ ಬಂದಿತು. ಚಳಿ ಕೊರೆಯುವ ರಾತ್ರಿ ಹಾಸಿಗೆಯ ಮೇಲಿನ ಕಂಬಳಿಯನ್ನೇ ಒಯ್ದು ಗುಲಾಬಿಗಳಿಗೆ ಹೊದಿಸಿದ ಗಂಡನೊಬ್ಬನ ಸಂಗತಿಯನ್ನೂ ಪಾದ್ರಿ ಅಲ್ಲಿಯೇ ತಿಳಿದ.

ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿ ಆಹಾರಕ್ಕೆ ಅಭಾವ ಬಂದಾಗ ಇಂಥ ತೋಟಗಳೇ ಮನೆಮನೆಯ ಉಗ್ರಾಣವಾದವು. ಅವುಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತು. ಯುದ್ಧ ಮುಗಿದ ಮೇಲೆ ಮನೆಗಳಿಗೂ ರಸ್ತೆಗಳಿಗೂ ನೆಲ ಬೇಕಾಯಿತು. ಈಗ ಉಳಿದಿರುವವು ಸುಮಾರು 3 ಲಕ್ಷ. ಅನೇಕ ಊರುಗಳಲ್ಲಿ ಒಂದು ತೋಟಕ್ಕಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರುಂಟು. ಯುದ್ಧಾನಂತರ ಕೆರಿಬಿಯನ್ ದ್ವೀಪಗಳಿಂದಲೂ ಭಾರತ, ಪಾಕಿಸ್ತಾನಗಳಿಂದಲೂ ಬಂದು ನೆಲಸಿದವರು ತಮ್ಮ ಅಡಿಗೆಯ ಸೊಪ್ಪುಗಳನ್ನೂ ಇಂಗ್ಲೆಂಡಿನ ಪಾತಿಗಳಿಗೆ ತಂದರು. ಕೊತ್ತಂಬರಿಗೂ ಮೆಂತ್ಯಕ್ಕೂ ಆ ತಂಪು ವಸಂತ ಒಗ್ಗದೆ ಹೋಗಲಿಲ್ಲ.

ನಾಟಿಂಗ್‌ಹ್ಯಾಂ ಜಿಲ್ಲೆಯದೇ ಆದ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜಗಳನ್ನು ಬಿತ್ತಿದಳು. ಅದರಿಂದ ಬೆಳೆದ ಮರದ ಹಣ್ಣು ಇಂದು ಆ ದೇಶದ ಅಡಿಗೆಮನೆಗಳಲ್ಲೆಲ್ಲ ಹೆಸರಾಗಿದೆ. ಹೆಸರು ಮಾತ್ರ ಬ್ರಾಮ್ಲಿ. ಅದು ಬಿತ್ತಿದವಳದಲ್ಲ, ಆಮೇಲೆ ಆ ತೋಟವನ್ನು ಕೊಂಡ ಕಟುಕನದು. ನೆಲ ಯಾರದೋ ಹೆಸರೂ ಅವರದೇ ಎಂಬ ಈ ಲೋಕರೂಢಿಯ ನಡುವೆ ಹಸಿವಿನ ಗುಡ್ಡದಲ್ಲಿ ಬಿತ್ತಿದವನಿಗೇ ಬೆಳೆ ಸಲ್ಲುತ್ತದೆ.

ಮೇ ತಿಂಗಳ ನಡುವಿನವರೆಗೂ ಅಲ್ಲಿ ನಿಶ್ಚಿಂತೆಯಿಲ್ಲ. ಹಗಲೆಲ್ಲ ಬಿಸಿಲು ಕಾದು, ಮೋಡವಿಲ್ಲದ ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಎಳೆಯ ಬೀನ್ಸ್ ಸಸಿಗಳು ಬೆಳಗಾಗುವುದರೊಳಗೆ ಕಪ್ಪಾಗುತ್ತವೆ. ಆಕಾಶ ತಿಳಿಯಾದ ಸಂಜೆಗಳಲ್ಲಿ ಬೇಲಿಯ ಬಾಗಿಲುಗಳು ಮತ್ತೊಮ್ಮೆ ತೆರೆಯುತ್ತವೆ. ತೆಳುಬಟ್ಟೆ, ಹಳೆಯ ಪರದೆ, ಕೈಗೆ ಸಿಕ್ಕಿದ ಹೊದಿಕೆಯನ್ನು ಪಾತಿಗಳ ಮೇಲೆ ಹರಡಿ, ಅಂಚಿಗೆ ಕಲ್ಲು ಹೇರಿ, ಕತ್ತಲಾದ ಮೇಲೆ ಜನ ಮನೆಗೆ ತೆರಳುತ್ತಾರೆ.